ಮೂರನೆಯ ಗೀರು

ಶಾವಂತ್ರವ್ವನ ಬಾಗಿಲಿಗೆ ಎರಡನೆಯ ಕೆಂಪು ಗೀರು ಬಿದ್ದ ದಿನ ನಾನು ಪುರಸಭೆಯ ಲಕ್ಕಪ್ಪನ ಕೈಯಿಂದ ಬಣ್ಣದ ಡಬ್ಬಿ ಕಿತ್ತುಕೊಂಡು ಗಟಾರಕ್ಕೆ ಎಸೆದೆ. ಅವನು ಸಿಟ್ಟಾಗಲಿಲ್ಲ. ಸೈಕಲ್ಲಿಗೆ ನೇತುಹಾಕಿದ್ದ ಚೀಲದಿಂದ ಇನ್ನೊಂದು ಡಬ್ಬಿ ತೆಗೆದ. "ನನ್ನ ಮ್ಯಾಲ ಯಾಕ ಹರಿಹಾಯ್ತಿ ಮೈಲಾರಿ? ಮುದುಕಿ ಬಿದ್ದಾಳಂತ ಕ್ಯಾಮೆರಾ ಹೇಳಿದ್ರ ನಾ ಗೀರು ಹಾಕಬೇಕು, ಹಾಕೇನಿ. ಮೂರಾದ್ರ ಗಾಡಿ ತರಬೇಕು, ತರ್ತೀನಿ," ಅಂದ. ಅಂದು, ಬಣ್ಣ ಒಣಗಲಿ ಎಂದು ಗೀರಿನ ಮೇಲೆ ಬಾಯಿಂದ ಉಫ್ ಉಫ್ ಎಂದು ಊದಿದ. ಅದನ್ನು ನೋಡಿ ನನಗೆ ಇನ್ನಷ್ಟು ಉರಿಯಿತು.

ನಮ್ಮ ಊರಿನಲ್ಲಿ ಒಂಟಿಯಾಗಿ ಇರುವ ಮುದುಕರ ಬಾಗಿಲಿಗೆ ಮೂರು ಗೀರು ಬಿದ್ದರೆ ಅವರನ್ನು ಮಟ್ಟದಮನೆಗೆ ಒಯ್ಯುತ್ತಾರೆ. ಹಳ್ಳದ ಆಚೆ, ನೆಲ ಎಂದೂ ಅಲುಗದ ಜಾಗದಲ್ಲಿ ಕಟ್ಟಿಸಿದ ಉದ್ದನೆಯ ಕಟ್ಟಡ. ಸಾಲಾಗಿ ಮಂಚಗಳು. ಚಿಲಕ ಹೊರಗಡೆ. "ಊಟ ಚಲೋ ಹಾಕ್ತಾರಂತ," ಎಂದು ಊರವರೆಲ್ಲ ಹೇಳುತ್ತಾರೆ. ಅದರ ಮುಂದಿನ ಮಾತು ಯಾರೂ ಆಡುವುದಿಲ್ಲ. ಹೋದವರು ತಿರುಗಿ ಬಂದು ತಮ್ಮ ಮನೆಯ ಬೀಗ ತೆಗೆದದ್ದನ್ನು ನಾನಂತೂ ಕಂಡಿಲ್ಲ.

ಶಾವಂತ್ರವ್ವನಿಗೆ ಎಪ್ಪತ್ತೆಂಟು. ಐವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವಳು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, "ಜ್ವಾಳ ಸರದಿ ಹಚ್ಚಿತ್ತು, ಗಂಡಂದಿರು ಹಚ್ಚಲಿಲ್ಲ," ಎನ್ನುತ್ತಿದ್ದಳು. ಅವಳು ಯಾರಿಗೂ ತಾಯಿಯಲ್ಲ, ಯಾರಿಗೂ ಅತ್ತೆಯಲ್ಲ. ಬೇಕೆಂದೇ ಒಂಟಿಯಾಗಿ ಇದ್ದವಳು. ನಾನು ಹತ್ತು ವರ್ಷ ಅವಳ ಗಿರಣಿಯಲ್ಲಿ ದುಡಿದೆ, ಆಯಿ ಎಂದು ಕರೆದೆ. ಕಲ್ಲು ಸವೆದು ಗಿರಣಿ ನಿಂತ ಮೇಲೂ ದಿನಕ್ಕೆ ಒಂದು ಸಲ ಅವಳಿಂದ ಬೈಸಿಕೊಳ್ಳದೆ ನನಗೆ ಉಂಡದ್ದು ಅರಗುತ್ತಿರಲಿಲ್ಲ.

ಊರು ವಾಲುತ್ತದೆ. ಒಂದು ವಾರದಲ್ಲಿ ಮೂರು ಸಲ ವಾಲಬಹುದು, ಒಮ್ಮೊಮ್ಮೆ ತಿಂಗಳುಗಟ್ಟಲೆ ಸುಮ್ಮನಿರಬಹುದು. ಮೊದಲು ಕೊಡದ ನೀರು ಒಂದು ಮಗ್ಗುಲಿಗೆ ಏರುತ್ತದೆ, ಕೋಳಿಗಳು ಇದ್ದಲ್ಲೇ ಕೂರುತ್ತವೆ. ಹದಿನೈದು ಎಣಿಸುವಷ್ಟು ಹೊತ್ತು ಸಿಗುತ್ತದೆ. ಆಮೇಲೆ ಇಡೀ ಊರು ಹಳ್ಳದ ಕಡೆಗೆ ಬಾಗುತ್ತದೆ, ಎರಡು ರೊಟ್ಟಿ ತಿನ್ನುವಷ್ಟು ಹೊತ್ತು ಹಾಗೇ ಇದ್ದು, ಮತ್ತೆ ನೆಟ್ಟಗಾಗುತ್ತದೆ. ಆಗ ಎಲ್ಲರೂ ಮಾಡುವುದು ಒಂದೇ. ಇದ್ದಲ್ಲಿ, ತಲೆಯನ್ನು ಗುಡ್ಡದ ಕಡೆಗೆ ಮಾಡಿ, ನೆಲಕ್ಕೆ ಬೆನ್ನು ಹಚ್ಚಿ ಮಲಗುವುದು. ಸಂತೆಯಲ್ಲಿ ಮಾರುವವರೂ ಕೊಳ್ಳುವವರೂ ಮಲಗಿಕೊಂಡೇ ಚೌಕಾಸಿ ಮುಂದುವರಿಸುತ್ತಾರೆ. ನಮ್ಮ ಅಕ್ಕನ ಮದುವೆಯಲ್ಲಿ ಅಕ್ಷತೆ ಹಾಕುವ ಹೊತ್ತಿಗೇ ವಾಲಿತು. ಭಟ್ಟರು ಮಲಗಿಕೊಂಡೇ ಮಂತ್ರ ಮುಗಿಸಿದರು, ಭಾವ ಮಲಗಿಕೊಂಡೇ ತಾಳಿ ಕಟ್ಟಿದ. ವಾಲಿದಾಗ ಮಂಚದ ಮೇಲೆ ಇರುವವನು ಹುಚ್ಚ, ನಿಂತಿರುವವನು ಹೊರಗಿನವನು.

ಏಳನೆಯ ಇಯತ್ತೆಯಲ್ಲಿ ನಮಗೆ ಹೊರಗಿನಿಂದ ಒಬ್ಬ ಮಾಸ್ತರ ಬಂದಿದ್ದ. ತರಗತಿಯಲ್ಲಿ ಮಲಗುವುದು ಅಶಿಸ್ತು ಎಂದು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ. ಕಿಟಕಿಯಾಚೆ ಕೋಳಿಗಳು ಕೂತದ್ದು ನನಗೆ ಕಾಣುತ್ತಿತ್ತು. ಹೇಳಿದೆ. ಬಾಯಿ ಮುಚ್ಚು ಎಂದ. ಮುಂದಿನ ಎರಡು ಹಲ್ಲು ಆ ಶಾಲೆಯಲ್ಲೇ ಬಿಟ್ಟು ಬಂದೆ, ಮತ್ತೆ ಆ ಕಡೆ ಕಾಲಿಡಲಿಲ್ಲ. ಓದಿದವರನ್ನು ಕಂಡರೆ ನನಗೆ ಆಗುವುದಿಲ್ಲ ಎಂದು ಜನ ಹೇಳುತ್ತಾರೆ. ಸುಳ್ಳು. ಕಣ್ಣಿಗೆ ಕಂಡದ್ದನ್ನು ಹೇಳಿದಾಗ ಕೇಳದವರನ್ನು ಕಂಡರೆ ಆಗುವುದಿಲ್ಲ, ಅಷ್ಟೇ.

ಆದರೂ ಆ ಕ್ಯಾಮೆರಾಗಳನ್ನು ಗೋಡೆಗೆ ಹಚ್ಚಿದವನು ನಾನೇ. ಅದನ್ನು ಮುಚ್ಚಿಟ್ಟರೆ ಈ ಕಥೆ ಹೇಳಿ ಪ್ರಯೋಜನವಿಲ್ಲ. ಗಿರಣಿ ನಿಂತ ವರ್ಷ ತೇಜಶ್ರೀ ಮೇಡಂ ಕಂಪನಿಯ ಕಡೆಯಿಂದ ಬಂದರು. ಪುರಸಭೆಯ ಒಪ್ಪಂದ. ಏಣಿ ಹೊರಲು, ಗೋಡೆ ಕೊರೆಯಲು ಆಳು ಬೇಕಿತ್ತು. ಒಂಟಿ ಮುದುಕರ ನಲವತ್ತು ಮನೆಗೆ ನಲವತ್ತು ಕ್ಯಾಮೆರಾ. ಮೇಡಂ ನನಗೆ ಎಲ್ಲ ತಿಳಿಸಿ ಹೇಳಿದರು; ಹೇಳುವಾಗ ಅವರ ಕಣ್ಣು ಹೊಳೆಯುತ್ತಿದ್ದವು. ಅದು ಯಾರ ಫೋಟೋವನ್ನೂ ಎಲ್ಲಿಗೂ ಕಳಿಸುವುದಿಲ್ಲವಂತೆ. ಮನುಷ್ಯನನ್ನು ಕಡ್ಡಿಗಳಲ್ಲಿ ಮಾಡಿದ ಗೊಂಬೆಯ ಹಾಗೆ ಅಷ್ಟೇ ನೋಡುತ್ತದಂತೆ. ನಿಂತ, ಕುಂತ, ಬಿದ್ದ ಎಂದು ಗುರುತು ಹಿಡಿಯುತ್ತದಂತೆ, ಬಿದ್ದರೆ ಮಾತ್ರ ಮೇಡಂ ಕಚೇರಿಯಲ್ಲಿ ಗಂಟೆ ಬಾರಿಸುತ್ತದಂತೆ. ಸಾವಿರಾರು ಜನ ಬೀಳುವ ವಿಡಿಯೋ ತೋರಿಸಿ ಅದಕ್ಕೆ ಕಲಿಸಿದ್ದಾರಂತೆ. ಮಂಚ ಎಲ್ಲಿದೆ ಎಂದು ಮೊದಲೇ ಗೆರೆ ಹಾಕಿ ಕೊಡುತ್ತಾರೆ. ಮಂಚದ ಮೇಲೆ ಮಲಗಿದರೆ ಮಲಗಿದ್ದು, ನೆಲದ ಮೇಲೆ ಮಲಗಿದರೆ ಬಿದ್ದದ್ದು. ಮನೆಯಲ್ಲಿ ಇನ್ನೊಬ್ಬರು ಕಂಡರೆ ಅದು ಸುಮ್ಮನಿರುತ್ತದೆ, ಎತ್ತುವವರು ಇದ್ದಾರಲ್ಲ.

"ಮೇಡಂ, ಇಲ್ಲೆ ಎಲ್ಲಾರೂ ನೆಲಕ್ಕ ಮಕ್ಕೋತಾರ," ಅಂದೆ.

"ಮಧ್ಯಾಹ್ನ ಚಾಪೆ ಹಾಕ್ಕೊಂಡು ಮಲಗ್ತಾರಾ? ಚಾಪೆಗೂ ಗೆರೆ ಹಾಕೋಣ ಬಿಡಿ."

"ಅದಲ್ಲರಿ. ಊರು ವಾಲಿದಾಗ."

ಅವರು ನಕ್ಕರು. ಅವರು ಉಳಿದುಕೊಂಡಿದ್ದು ಹಳ್ಳದ ಆಚೆ, ಕಚೇರಿ ಇದ್ದದ್ದೂ ಆಚೆ. ಅವರು ಈಚೆ ಬಂದ ಎಂಟು ದಿನ ಊರು ಒಮ್ಮೆಯೂ ವಾಲಲಿಲ್ಲ. ಏನು ಮಾಡುವುದು, ನಮ್ಮ ಊರಿಗೆ ಮರ್ಯಾದೆ ಗೊತ್ತಿಲ್ಲ.

ಅವರು ಆಚೆ ಹೋದ ಮರುದಿನವೇ ವಾಲಿತು. ನಲವತ್ತು ಮನೆಯ ಗಂಟೆಗಳೂ ಒಮ್ಮೆಗೇ ಅವರ ಮೇಜಿನ ಮೇಲೆ ಬಾರಿಸಿದವು. ಮೊದಲ ಸಲ ಯಂತ್ರ ಕೆಟ್ಟಿದೆ ಎಂದುಕೊಂಡು ಗೀರು ಹಾಕಿಸಲಿಲ್ಲ. ನಲವತ್ತು ಮನೆಗೂ ಸ್ಟೀಲಿನ ಹಿಡಿಕೆ ಕಳಿಸಿದರು, ಜೊತೆಗೆ ಒಂದು ಚೀಟಿ: ಅಲುಗಿದಂತೆ ಅನಿಸಿದರೆ ಹಿಡಿಕೆ ಹಿಡಿದು ನೇರವಾಗಿ ನಿಲ್ಲಿ, ನೆಲದ ಮೇಲೆ ಕಂಡವರನ್ನು ಬಿದ್ದವರೆಂದು ಎಣಿಸಲಾಗುವುದು. ಹಿಡಿಕೆಗಳನ್ನು ಹಚ್ಚಿದವನೂ ನಾನೇ. ಕೂಲಿಗೆ ಹೋದವನು ಏನು ಮಾಡಬೇಕು? ಗೋಡೆ ಕೊರೆಯುವಾಗ ಧೂಳು ಬಾಯಿಗೆ ಬೀಳುತ್ತದೆ, ಅದನ್ನು ನುಂಗುತ್ತೇವೆ, ಜೊತೆಗೆ ಮಾತನ್ನೂ ನುಂಗುತ್ತೇವೆ.

ಮಟ್ಟದಮನೆಯ ಹೆದರಿಕೆ ಎಷ್ಟಿತ್ತೆಂದರೆ, ಹುಟ್ಟಿದಂದಿನಿಂದ ಮಲಗಿ ಬದುಕಿದ್ದ ಮುದುಕ ಮುದುಕಿಯರು ನಿಲ್ಲತೊಡಗಿದರು. ನಡುಗುತ್ತ, ಹಿಡಿಕೆಗೆ ಜೋತುಬಿದ್ದು, ಹಲ್ಲು ಕಚ್ಚಿ ನಿಂತರು. ಶಾವಂತ್ರವ್ವನೂ ನಿಲ್ಲುತ್ತಿದ್ದಳು, ಎರಡು ಸಲ ಮಾತ್ರ ನಿಲ್ಲಲಿಲ್ಲ. ಮೊದಲ ಗೀರು ಬಿದ್ದಾಗ ನಾನು ಊರಾಚೆಯ ಕೆಲಸದಲ್ಲಿದ್ದೆ. ಕೇಳಿದರೆ, "ಮಕ್ಕೊಂಡಿದ್ನೋ, ಅದಕ್ಕ ಬಿದ್ದಂಗ ಕಂಡಿತು. ನಿನ್ನ ಕ್ಯಾಮೆರಾಕ್ಕ ಕಣ್ಣ ಬಂದಾವ," ಅಂದಿದ್ದಳು. ಎರಡನೆಯ ಸಲ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು, ಹಿಡಿಕೆ ದೂರವಿತ್ತು. ಮಲಗಿದಳು. ಲಕ್ಕಪ್ಪ ಡಬ್ಬಿ ಹಿಡಿದು ಬಂದ.

ಅದಾದ ನಾಲ್ಕನೆಯ ದಿನ ಬೆಳಿಗ್ಗೆ ಮತ್ತೆ ವಾಲಿತು. ಹಿಂದಿನ ಓಣಿಯ ಗಾದಿ ಹೊಲಿಯುವ ಹುಸೇನಸಾಬ ಹಿಡಿಕೆ ಹಿಡಿದು ನಿಂತ. ಹತ್ತಿ ಹಿಂಜಿ ಹಿಂಜಿ ಬೆರಳಿನ ಬಲವೆಲ್ಲ ಹೋಗಿತ್ತು ಅವನಿಗೆ. ಕೈ ಜಾರಿತು, ಸೊಂಟ ಒರಳುಕಲ್ಲಿಗೆ ಬಡಿಯಿತು, ಗೋಡೆಗೆ ಬೆನ್ನು ಕೊಟ್ಟಂತೆ ಕೆಳಗೆ ಕುಸಿದ. ಕ್ಯಾಮೆರಾ 'ಕುಂತ' ಎಂದು ಬರೆದುಕೊಂಡಿತು. ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ 'ಕುಂತ', 'ಕುಂತ', 'ಕುಂತ'. ಗಾದಿ ಕೇಳಲು ಹೋದ ಗಿರಾಕಿ ನೋಡದಿದ್ದರೆ ಅವನು ಅಲ್ಲೇ ಕೂತು ಸಾಯುತ್ತಿದ್ದ. ದವಾಖಾನೆಯ ಗಾಡಿಗೆ ಎತ್ತಿ ಹಾಕುವಾಗ ನನ್ನ ಕೈ ಹಿಡಿದು, "ಗೀರು ಬಿತ್ತೇನೋ?" ಎಂದು ಕೇಳಿದ. ಬಿದ್ದಿರಲಿಲ್ಲ. ಅವನ ಬಾಗಿಲು ಹೊಸ ಬಟ್ಟೆಯ ಹಾಗೆ ಸ್ವಚ್ಛವಾಗಿತ್ತು.

ಮರುದಿನ ಹಳ್ಳ ದಾಟಿ ಮೇಡಂ ಕಚೇರಿಗೆ ಹೋದೆ. ಬಾಗಿಲು ತಟ್ಟಲಿಲ್ಲ.

"ಹುಸೇನಸಾಬನ ಸೊಂಟ ಮುರದೈತ್ರಿ. ನಿಮ್ಮ ಚೀಟಿ ಓದಿ ನಿಂತಿದ್ದ."

"ಗೊತ್ತಾಯ್ತು ಮೈಲಾರಿ. ನನಗೆ ರಾತ್ರಿ ನಿದ್ದೆ ಬಂದಿಲ್ಲ."

"ನಿಮ್ಮ ನಿದ್ದಿ ತಗೊಂಡು ಏನ್ ಮಾಡ್ಲಿ? ಸೊಂಟಕ್ಕ ಹಚ್ಚಲೇನು?"

ಅವರು ಕಂಪ್ಯೂಟರಿನ ತೆರೆಯನ್ನು ನನ್ನ ಕಡೆಗೆ ತಿರುಗಿಸಿದರು. "ನೀವೇ ನೋಡಿ. ವಾಲುತ್ತೆ ವಾಲುತ್ತೆ ಅಂತೀರಿ. ಎಲ್ಲಿ ವಾಲಿದೆ?"

ಫೋಟೋ ಎಲ್ಲಿಗೂ ಕಳಿಸುವುದಿಲ್ಲ ಎಂದಿದ್ದರೂ, ದುರಸ್ತಿಗೆ ಬೇಕೆಂದು ಗಂಟೆ ಬಾರಿಸಿದ ಹೊತ್ತಿನ ಚಿತ್ರ ಮಾತ್ರ ಇಟ್ಟುಕೊಳ್ಳುತ್ತಿದ್ದರು. ಶಾವಂತ್ರವ್ವನ ಅಡುಗೆಮನೆ, ಎರಡನೆಯ ಗೀರಿನ ದಿನ. ಮುದುಕಿ ನೆಲದ ಮೇಲೆ. ಮನೆ ನೆಟ್ಟಗೆ ಇತ್ತು! ಕಂಬ ನೆಟ್ಟಗೆ, ಬಾಗಿಲು ನೆಟ್ಟಗೆ, ಒಲೆ ನೆಟ್ಟಗೆ. ಒಂದು ಗಳಿಗೆ ನನಗೇ ತಲೆ ತಿರುಗಿತು. ನಾವೆಲ್ಲ ಹುಚ್ಚರೇನೋ, ಮುತ್ತಜ್ಜನ ಕಾಲದಿಂದ ಸುಮ್ಮನೆ ನೆಲಕ್ಕೆ ಬೀಳುತ್ತಿದ್ದೇವೇನೋ ಅನಿಸಿತು. ಆಮೇಲೆ ಕಂಡಿತು. ಜಂತಿಯಿಂದ ಹಗ್ಗ ಕಟ್ಟಿ ಇಳಿಬಿಟ್ಟ ಅವಳ ಹಿಟ್ಟಿನ ಜರಡಿ. ಅದು ಓರೆಯಾಗಿ ನಿಂತಿತ್ತು. ಯಾರೋ ಎಳೆದು ಹಿಡಿದ ಹಾಗೆ, ಹಳ್ಳದ ಕಡೆಗೆ.

"ಇದನ್ನ ಯಾರು ಜಗ್ಗ್ಯಾರ್ರಿ?" ಅಂದೆ.

ಮೇಡಂ ನೋಡಿದರು. ಹತ್ತಿರ ಬಂದು ನೋಡಿದರು. ಇನ್ನೊಂದು ಮನೆಯ ಚಿತ್ರ ತೆಗೆದರು. ಅಲ್ಲಿ ನೆಲುವಿನ ಹಗ್ಗ ಓರೆ. ಮತ್ತೊಂದರಲ್ಲಿ ಬಾಳೆಗೊನೆ ಓರೆ. ತೆಗೆದು ತೆಗೆದು ಅವರ ಬೆರಳು ನಿಧಾನವಾಯಿತು.

"ಕ್ಯಾಮೆರಾ ಗೋಡೆ ಮೇಲಿದೆ," ಎಂದರು, ನನಗಲ್ಲ, ತಮಗೇ. "ಗೋಡೆ ಜೊತೆ ಅದೂ ವಾಲುತ್ತೆ."

"ಹತ್ತು ತಿಂಗಳಾತು ಹೇಳಾಕತ್ತಿ."

ಅವರು ಅಂದೇ ಕಂಪನಿಗೆ ಬರೆದರು. ಉತ್ತರವೂ ಅಂದೇ ಬಂತು: ತೂಗುವ ವಸ್ತು ಓರೆಯಾದಾಗ ಎಣಿಸಬಾರದು ಎಂದು ಯಂತ್ರಕ್ಕೆ ಹೊಸದಾಗಿ ಕಲಿಸಬೇಕು, ಎಂಟು ವಾರ ಬೇಕು. ಅಲ್ಲಿಯವರೆಗೆ ಗೀರು? ಗೀರು ಪುರಸಭೆಯ ನಿಯಮ. ಮೂರನೆಯದಕ್ಕೆ ಮಾತ್ರ ಮೇಡಂ ಬಂದು ನೋಡಿ ಸಹಿ ಮಾಡಬೇಕು.

"ಮಾಡಬ್ಯಾಡ್ರಿ ಸಹಿ."

"ಮಾಡದೇ ಇದ್ದು, ಅವರು ನಿಜವಾಗ್ಲೂ ಬಿದ್ದಿದ್ರೆ? ನಮ್ಮಜ್ಜಿ ಎರಡು ದಿನ ನೆಲದ ಮೇಲೆ ಇದ್ರು ಮೈಲಾರಿ. ಫೋನು ಕೈಗೆ ಒಂದು ಗೇಣು ದೂರ ಇತ್ತು. ನಾನು ಈ ಕೆಲಸಕ್ಕೆ ಯಾಕೆ ಬಂದೆ ಅಂದ್ಕೊಂಡಿದ್ದೀರಿ?"

ಎದುರಿನವರ ಮಾತು ಸರಿ ಅನಿಸಿದಾಗ ನನ್ನ ಸಿಟ್ಟು ಇಮ್ಮಡಿಯಾಗುತ್ತದೆ. ನೇರ ಶಾವಂತ್ರವ್ವನ ಮನೆಗೆ ಬಂದು ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡು ಕ್ಯಾಮೆರಾದ ಕಡೆಗೆ ಎತ್ತಿದೆ.

"ಇಳಸು," ಅಂದಳು.

"ಬಿಡು ಆಯಿ, ಇವತ್ತ ಇದರ ಕಣ್ಣ ಕೀಳ್ತೀನಿ."

"ಇಳಸಲೇ! ಅದು ಒಡದ್ರ ನಾ ಬಿದ್ದಂಗ ಲೆಕ್ಕ. ನನ್ನ ಮಟ್ಟದಮನಿಗಿ ಕಳಸಾಕ ನಿನಗ ಅಷ್ಟ ಅವಸರ ಐತೇನು?" ಅವಳ ದನಿಯಲ್ಲಿ ಬೇರೇನೋ ಇತ್ತು. ಗೀರಿನ ಹೆದರಿಕೆ ಎಂದು ನಾನು ತಿಳಿದೆ. ಹಾರೆ ಇಳಿಸಿದೆ.

ಅಂದಿನಿಂದ ನಾನು ಅವಳ ಮನೆಯಲ್ಲೇ ಠಿಕಾಣಿ ಹೂಡಿದೆ. ಇಬ್ಬರು ಕಂಡರೆ ಅದು ಬಾಯಿ ಬಿಡುವುದಿಲ್ಲವಲ್ಲ. ಆದರೆ ಕೂತಲ್ಲಿ ಕೂರಲಾಗಲಿಲ್ಲ. ನಿಮಿಷಕ್ಕೊಮ್ಮೆ ಕೊಡ ನೋಡುತ್ತಿದ್ದೆ. ಕೋಳಿ ಕೊಕ್ ಎಂದರೆ ಅಂಗಳಕ್ಕೆ ಓಡುತ್ತಿದ್ದೆ. ನಿದ್ದೆಯಲ್ಲಿ ನೀರು ಏರುವ ಸಪ್ಪಳ ಕೇಳಿ ಎದ್ದು ಕೂರುತ್ತಿದ್ದೆ. ನೀರು ಏರಿದರೆ ಸಪ್ಪಳವೇ ಆಗುವುದಿಲ್ಲ. ಉಳಿದ ಮೂವತ್ತೆಂಟು ಮನೆಗಳ ಮುದುಕರು ಹಿಡಿಕೆಯ ಬುಡದಲ್ಲೇ ಚಾಪೆ ಹಾಕಿ ಕಾಯುತ್ತಿದ್ದಾರೆ ಎಂದು ನೆನಪಾದಾಗ ತಟ್ಟೆ ಸರಿಸಿ ಏಳುತ್ತಿದ್ದೆ. ಐದನೆಯ ದಿನ ಶಾವಂತ್ರವ್ವನಿಗೆ ಸಾಕಾಯಿತು.

"ಏನ್ಲೇ, ಪಂಜರದಾಗಿನ ಇಲಿ ಆಗೀದಿ. ನೀ ಹಿಂಗ ತಿರುಗಾಡೂದು ನೋಡಿದ್ರ ಊರು ವಾಲೂದು ಬ್ಯಾಡ, ನನಗ ಹಂಗ ತಲಿ ತಿರಗತೈತಿ. ದವಾಖಾನಿಗಿ ಹೋಗಿ ಹುಸೇನಗ ಈ ರೊಟ್ಟಿ ಕೊಟ್ಟು ಬಾ."

"ನಾ ಹೋದ ಮ್ಯಾಲ ವಾಲಿದ್ರ?"

"ನೀ ಹುಟ್ಟೂಕಿಂತ ಮೊದಲ ವಾಲೇನಿ ನಾ. ನಡಿ."

ಹೋದೆ. ದವಾಖಾನೆಯ ಮೆಟ್ಟಿಲು ಇಳಿಯುವಾಗ ರಸ್ತೆಯ ಕೋಳಿಗಳು ಕೂತವು. ಓಡಿದೆ. ಎಂಟು, ಒಂಬತ್ತು, ಹತ್ತು. ಹದಿನೈದಕ್ಕೆ ಹೂವಿನ ಅಂಗಡಿಯ ಮುಂದೆ ಬೆನ್ನು ನೆಲಕ್ಕೆ ಹಚ್ಚಲೇಬೇಕಾಯಿತು. ಆ ಎರಡು ರೊಟ್ಟಿಯ ಹೊತ್ತಿನಷ್ಟು ಉದ್ದನೆಯ ಹೊತ್ತನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಊರು ನೆಟ್ಟಗಾಗುವ ಮುಂಚೆಯೇ ಎದ್ದು, ಗೋಡೆ ಹಿಡಿದು ಹಿಡಿದು ಓಡಿದೆ.

ಅವಳು ಅಡುಗೆಮನೆಯ ನಡುವೆ, ತಲೆ ಗುಡ್ಡದ ಕಡೆಗೆ ಮಾಡಿ, ಕೈ ಹೊಟ್ಟೆಯ ಮೇಲಿಟ್ಟು ಆರಾಮಾಗಿ ಮಲಗಿದ್ದಳು. ಹಿಡಿಕೆ ಎರಡು ಹೆಜ್ಜೆಯಾಚೆ ಇತ್ತು.

"ಹಿಡಿಕಿ ಅಲ್ಲೇ ಇತ್ತಲ್ಲ ಆಯಿ!" ಎಂದು ಚೀರಿದೆ.

"ಇತ್ತು. ಹುಸೇನನ ಸೊಂಟ ನೋಡಿದ ಮ್ಯಾಲೂ ನಿಂದ್ರಾಕ ನನಗೇನ್ ಹುಚ್ಚ ಹಿಡದೈತೇನು?" ಅಂದಳು.

ಗಾಡಿಯ ಸದ್ದು ಬರಲು ತಡವಾಗಲಿಲ್ಲ. ಲಕ್ಕಪ್ಪ ಮೊದಲು ಬಂದು ಬಾಗಿಲಿಗೆ ಮೂರನೆಯ ಗೀರು ಎಳೆದ. ಈ ಸಲ ಅವನು ಊದಲಿಲ್ಲ. ಹಿಂದೆಯೇ ತೇಜಶ್ರೀ ಮೇಡಂ, ಕೈಯಲ್ಲಿ ಕಾಗದ. ನಾನು ಬಾಗಿಲಿಗೆ ಅಡ್ಡ ನಿಂತೆ. ಅವರು ನನ್ನನ್ನು ತಳ್ಳಲಿಲ್ಲ, ಬೈಯಲಿಲ್ಲ. "ಮೊದಲು ಅವರಿಗೆ ಪೆಟ್ಟಾಗಿದೆಯಾ ನೋಡ್ತೀನಿ, ಬಿಡಿ," ಎಂದರು. ಬಿಟ್ಟೆ. ಅವರು ಅಡುಗೆಮನೆಗೆ ಕಾಲಿಟ್ಟು, "ಅಮ್ಮಾ, ತಲೆ ಸುತ್ತು ಬಂದಿತ್ತಾ?" ಎಂದು ಕೇಳುತ್ತಿದ್ದಾಗ ಕೊಡದ ನೀರು ಮತ್ತೆ ಏರಿತು.

ದೊಡ್ಡ ವಾಲಿನ ಬೆನ್ನಿಗೆ ಒಮ್ಮೊಮ್ಮೆ ಮರಿವಾಲು ಬರುತ್ತದೆ. ಲಕ್ಕಪ್ಪ ಡಬ್ಬಿ ಸಮೇತ ಪಡಸಾಲೆಯಲ್ಲಿ ಉರುಳಿದ. ನಾನು ಹೊಸ್ತಿಲ ಮೇಲೆ ಮಲಗಿದೆ. ಮೇಡಂಗೆ ಕಾಲಡಿಯ ನೆಲ ಜರುಗಿದ್ದು ತಿಳಿಯಿತು, ಎರಡೂ ಕೈ ಹಿಡಿಕೆಯ ಕಡೆಗೆ ಹೋದವು.

"ಮಕ್ಕೊಳ್ಳೇ ಹುಚ್ಚೀ!" ಶಾವಂತ್ರವ್ವ ಮಲಗಿದಲ್ಲಿಂದಲೇ ಅವರ ಚೂಡಿದಾರದ ಅಂಚು ಹಿಡಿದು ಜಗ್ಗಿದಳು. ಐವತ್ತು ವರ್ಷ ಜೋಳದ ಚೀಲ ಜಗ್ಗಿದ ಕೈ. ಮೇಡಂ ಅವಳ ಮೈಮೇಲೆಯೇ ಬಂದು ಬಿದ್ದರು. ಮುದುಕಿ ಅವರ ತಲೆಯನ್ನು ಹಿಡಿದು ಗುಡ್ಡದ ಕಡೆಗೆ ತಿರುಗಿಸಿದಳು. "ಹಿಂಗ. ಬೆನ್ನು ಹಚ್ಚು. ಉಸರು ಬಿಡು. ಕಣ್ಣ ಮುಚ್ಚಬ್ಯಾಡ, ಮುಚ್ಚಿದ್ರ ವಾಂತಿ ಬರತೈತಿ. ಮ್ಯಾಲ ನೋಡು."

ಮೇಡಂ ಮೇಲೆ ನೋಡಿದರು. ಒಲೆಯ ಮೇಲಿನ ಪಾತ್ರೆ ಜಾರಿ, ಬೀಳದಿರಲೆಂದು ಹಚ್ಚಿದ ಅಂಚಿನ ಪಟ್ಟಿಗೆ ಬಂದು ತಾಗಿ ನಿಂತಿತು. ಅವರು ಶಾವಂತ್ರವ್ವನ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. ಊರು ನೆಟ್ಟಗಾದ ಮೇಲೂ ಬಿಡಲಿಲ್ಲ.

"ಏಳವ್ವ, ಮುಗೀತು."

ಮೇಡಂ ಎದ್ದು ಕೂತು ಕಾಗದ ಹುಡುಕಿದರು. ಅದು ಒಲೆಯ ಬೂದಿಯಲ್ಲಿ ಬಿದ್ದಿತ್ತು. ಝಾಡಿಸಿ, ಮೊಣಕಾಲ ಮೇಲಿಟ್ಟುಕೊಂಡು ಏನೋ ಬರೆದರು. "ಬಿದ್ದದ್ದಲ್ಲ, ಮಲಗಿದ್ದು ಅಂತ ಬರ್ದಿದ್ದೀನಿ. ಎಂಟು ವಾರದವರೆಗೂ ಗಂಟೆ ಬಾರಿಸಿದಾಗೆಲ್ಲ ನಾನೇ ಬಂದು ಮನುಷ್ಯರನ್ನ ಕೇಳದೇ ಗೀರು ಹಾಕೋ ಹಾಗಿಲ್ಲ ಅಂತಾನೂ. ಪುರಸಭೆಯವರು ಒಪ್ಪಲಿಲ್ಲ ಅಂದ್ರೆ ಇಲ್ಲಿಗೆ ಕರ್ಕೊಂಡು ಬಂದು ನಿಲ್ಲಿಸ್ತೀನಿ. ಲಕ್ಕಪ್ಪ, ಆ ಮೂರೂ ಗೀರು ತೆಗೀರಿ. ಮೂರೂ ಸುಳ್ಳು."

ಲಕ್ಕಪ್ಪನ ಅರ್ಧ ಮೈ ಕೆಂಪಾಗಿತ್ತು. "ಕೆರೀಲೇನ್ರಿ?" ಎಂದ.

"ಎರಡು ಕೆರಿ," ಅಂದಳು ಶಾವಂತ್ರವ್ವ. "ಮೊದಲಿಂದು ಇರ್ಲಿ."

ಎಲ್ಲರೂ ಅವಳ ಕಡೆ ತಿರುಗಿದೆವು. ಅವಳು ನನ್ನ ಕಡೆ ನೋಡಲಿಲ್ಲ. ಸೀರೆಯ ಸೆರಗಿನಿಂದ ಒಲೆಯ ಕಟ್ಟೆ ಒರೆಸುತ್ತ ಹೇಳಿದಳು.

"ಅವತ್ತ ಊರು ವಾಲಿದ್ದಿಲ್ಲ. ನಾ ಬಿದ್ದಿದ್ದೆ. ಇಲ್ಲೇ ಈ ಬಚ್ಚಲ ಹೊಸ್ತಿಲದಾಗ, ಖರೇವಂದ್ರ ಖರೇನ. ಬಾಯಿಂದ ದನಿ ಬರಲಿಲ್ಲ. ಸತ್ತೆ ಅಂತ ತಿಳಕೊಂಡೆ. ಈ ಹಾಟ್ಯಾ ಲಕ್ಕಪ್ಪ ಡಬ್ಬಿ ತಗೊಂಡು ಬಂದ. ಮೊದಲ ನನ್ನ ಎಬ್ಬಿಸಿ ನೀರು ಕುಡಿಸಿದ, ಆಮ್ಯಾಲ ಗೀರು ಹಾಕಿದ."

"ನನಗ್ಯಾಕ ಹೇಳಲಿಲ್ಲ?" ಎಂದೆ ನಾನು.

"ಹೇಳಿದ್ರ ನೀ ಇದ್ದ ಕೆಲಸ ಬಿಟ್ಟು ನನ್ನ ಬಾಗಲಾ ಕಾಯ್ಕೋತ ಕುಂದ್ರತಿದ್ದಿ. ಐದು ದಿನ ಕುಂತದ್ದು ನೋಡಿದ್ನಲ್ಲ, ಜೀವಾ ತಿಂದಿ."

ಆ ದಿನ ನಾನು ಎಲ್ಲಿದ್ದೆ? ಆಚೆ ದಂಡೆಯಲ್ಲಿ, ಅದೇ ಮೇಡಂ ಕಚೇರಿಯ ಛಾವಣಿಗೆ ತಂತಿ ಎಳೆಯುತ್ತಿದ್ದೆ. ನಾನು ಇರಲಿಲ್ಲ, ಕ್ಯಾಮೆರಾ ಇತ್ತು. ಹಾರೆ ಎತ್ತಿದಾಗ ಅವಳ ದನಿಯಲ್ಲಿ ಇದ್ದದ್ದು ಏನೆಂದು ಈಗ ತಿಳಿಯಿತು. ಸಿಟ್ಟು ಇನ್ನೂ ಇತ್ತು, ಎದೆಯ ತುಂಬ ಇತ್ತು. ಎಲ್ಲಿ ಇಳಿಸಬೇಕೆಂದು ತಿಳಿಯದೆ, ತಲೆಯ ಮೇಲೆ ಚೀಲ ಹೊತ್ತು ಸರದಿಯಲ್ಲಿ ನಿಂತವನ ಹಾಗೆ ನಿಂತೆ.

"ಏಣಿ ತಾ," ಅಂದಳು.

"ಯಾಕ?"

"ಅವತ್ತ ಅರ್ಧಾ ಮೈ ಅಷ್ಟ ಕಂಡಿತ್ತಂತ ಅದಕ್ಕ. ಇನ್ನೊಂದು ಹೆಜ್ಜಿ ಒಳಗ ಬಿದ್ದಿದ್ರ ಕಾಣತಿದ್ದಿಲ್ಲ. ಬಚ್ಚಲ ಕಡೆ ತಿರುವು ಅದನ್ನ. ಒಳಗಿಂದು ಬ್ಯಾಡ, ಹೊಸ್ತಿಲಾ ಅಷ್ಟ. ನಾಚಿಗಿ ಐತಿ ನನಗ ಇನ್ನೂ."

ಮೇಡಂ, ಲಕ್ಕಪ್ಪ ಇಬ್ಬರೂ ಅಂಗಳಕ್ಕೆ ಹೋದರು. ಒಳಗೆ ಅವಳೊಬ್ಬಳೇ ಕಾಣಬೇಕು. ನಾನು ಏಣಿ ಹತ್ತಿ ಕ್ಯಾಮೆರಾದ ಹಿಂದೆ ಗೋಡೆಗೆ ಅಂಟಿಕೊಂಡು ತಿರುಪು ಸಡಿಲಿಸಿದೆ.

"ಕಾಲು ಕಾಣ್ತಿಲ್ಲ," ಎಂದು ಮೇಡಂ ಹೊರಗಿನಿಂದ ಫೋನಿನಲ್ಲಿ ಕಡ್ಡಿಗೊಂಬೆ ನೋಡುತ್ತ ಕೂಗಿದರು. ತಿರುಗಿಸಿದೆ. "ಇನ್ನೂ ಸ್ವಲ್ಪ. ಹಾಂ. ಈಗ ತಲೆ ಹೋಯ್ತು." ಮತ್ತೆ ತಿರುಗಿಸಿದೆ.

"ಹಿಂಗಾದ್ರ ಸಂಜಿ ಆಗತೈತಿ," ಎಂದು ಶಾವಂತ್ರವ್ವ ಗೊಣಗಿದಳು. ಮೊಣಕಾಲು ಹಿಡಿದುಕೊಂಡು ಕೂತಳು, ಆಮೇಲೆ ಹೊಸ್ತಿಲ ಮೇಲೆ ಅಡ್ಡಡ್ಡ, ಒಂದು ಕೈ ಮೈಯಡಿ ಸಿಕ್ಕಿಕೊಂಡ ಹಾಗೆ, ಅಂದು ಹೇಗೆ ಬಿದ್ದಿದ್ದಳೋ ಹಾಗೆಯೇ ಮಲಗಿದಳು. ನನಗೆ ನೋಡಲಾಗಲಿಲ್ಲ, ಆದರೂ ನೋಡಿದೆ. ಹತ್ತು ಎಣಿಸುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಅಂಗಳದಲ್ಲಿ ಮೇಡಂ ಫೋನಿನ ಗಂಟೆ ಬಾರಿಸಿತು, ನಿಲ್ಲದೆ, ಎದೆ ನಡುಗಿಸುವ ಹಾಗೆ.

"ಕಂಡಿತೇನು?" ಎಂದು ನೆಲದಿಂದ ಕೇಳಿದಳು.

"ಕಂಡಿತು ಆಯಿ."

"ಮತ್ತ ಮ್ಯಾಲ ಕುಂತು ಏನ್ ನೋಡಾಕತ್ತೀಯೋ? ಇಳದು ಬಂದು ಎಬ್ಬಸಲೇ ನನ್ನ."